ಬ್ಯಾರನ್ ಗೋಡೆಯ ಇದ್ದಿಲ ಬರಹ

ಮೈಸೂರಿನ ಆಸ್ಪತ್ರೆಯಿಂದ ಅಪ್ಪನನ್ನು ಕರೆತಂದು ಒಂಬತ್ತು ದಿನವಾಗಿತ್ತು, ಅಥವಾ ಹನ್ನೊಂದು. ದಿನಚರಿಯಲ್ಲಿ ಆ ಹಾಳೆಗಳು ಖಾಲಿ ಇವೆ. ಇದೆಲ್ಲ ನೆನಪಿನಿಂದ ಬರೆಯುತ್ತಿರುವುದು. ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಅಪ್ಪನ ಮೆದುಳಿನಲ್ಲಿ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿತ್ತು. ಮಾತು, ಕೈಕಾಲು ಸರಿಯಾಗಿದ್ದವು. ಹನಗೋಡಿನ ಹತ್ತಿರದ ನಮ್ಮ ಹೊಲದಲ್ಲಿ, ಎಲೆಯನ್ನು ಶಾಖ ಕೊಟ್ಟು ಒಣಗಿಸುವ ಮಣ್ಣಿನ ಮನೆಯಾದ ಬ್ಯಾರನ್‌ಗೆ ಹೊಗೆಸೊಪ್ಪು ತುಂಬಿ ಬೆಂಕಿ ಹಾಕಿಯಾಗಿತ್ತು. ಎಲೆಗೆ ಹಳದಿ ಯಾವಾಗ ಬಂತು, ಕಿಂಡಿ ಯಾವಾಗ ತೆಗೆದದ್ದು, ಶಾಖ ಯಾವಾಗ ಏರಿಸಬೇಕು, ಎಲ್ಲವನ್ನೂ ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದುಕೊಂಡೇ ಅಪ್ಪ ಸೊಪ್ಪು ಬೇಯಿಸುವುದು. ಹೊತ್ತು ತಪ್ಪಿದರೆ ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗುತ್ತದೆ. ಆ ಕೆಲಸವನ್ನು ಅವನು ಯಾರಿಗೂ ಬಿಟ್ಟವನಲ್ಲ.

ಬೆಳಿಗ್ಗೆ ಅವನು ಬರೆದದ್ದನ್ನು ನಾನೇ ನೋಡಿದ್ದೆ. ಮಧ್ಯಾಹ್ನ ಅದೇ ಗೋಡೆಯ ಮುಂದೆ ನಿಂತು ಕೇಳಿದ:

"ಇದ್ಯಾರಮ್ಮಿ ಇಂಗೆ ಗೀಚಿರೋದು?"

"ನೀನೇ ಕಣಪ್ಪ."

"ನಾನಾ? ಮಲಯಾಳ ಇದ್ದಂಗದೆ."

ಬುತ್ತಿ ತಂದಿದ್ದ ಅವ್ವ ನಕ್ಕಳು. "ಬರದೋನೂ ನೀನೇ, ಕೇಳೋನೂ ನೀನೇ. ಚೆನ್ನಾಗದೆ ಬುಡು."

ನಾನೂ ನಕ್ಕೆ ಅನ್ನಿಸುತ್ತದೆ. ಅಪ್ಪ ನಗಲಿಲ್ಲ. ಬ್ಯಾರನ್ನಿನ ಥರ್ಮಾಮೀಟರಿನ ಅಂಕಿ ಮಾತ್ರ ತಡವರಿಸದೆ ಹೇಳಿದ.

ಡಾಕ್ಟರಿಗೆ ಫೋನ್ ಮಾಡಿದೆ. ಕಣ್ಣು ಕಂಡ ಅಕ್ಷರ ಮಾತಿನ ಜಾಗಕ್ಕೆ ಹೋಗುವ ದಾರಿ ಮುಚ್ಚಿದೆ, ಕೈ ಬರೆಯುವ ದಾರಿ ಬೇರೆ, ಅದು ತೆರೆದೇ ಇದೆ ಅಂದರು. ಅಂಕಿಗಳು ಕೆಲವರಿಗೆ ಉಳಿಯುತ್ತವಂತೆ. ನನಗೆ ಅಳು ಬರಲಿಲ್ಲ. ಫೋನಿನಲ್ಲಿ ಚಾರ್ಜ್ ಎಷ್ಟಿದೆ ಎಂದು ನೋಡಿಕೊಂಡೆ. ಬ್ಯಾರನ್ ಇನ್ನು ನಿನಗೆ ಬೇಡ ಎಂದು ಅವನಿಗೆ ಹೇಳಬೇಕಿತ್ತು.

ಆಗ ಚಿಕ್ಕಂದಿನದೊಂದು ನೆನಪು ಬಂತು. ಮೊರದಲ್ಲಿ ರಾಗಿ ಹರಡಿ, ಅಪ್ಪ ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದ್ದು. ಅದನ್ನು ಹೇಳಿ, ಹಾಗೆ ಮಾಡಿ ನೋಡೋಣ ಅಂದೆ.

"ತಿದ್ದಿಸ್ದೋಳು ನಾನು ಕಣಮ್ಮಿ," ಅವ್ವ ಅಂದಳು. "ನಿಮ್ಮಪ್ಪ ಆಗ್ಲೂ ಇಲ್ಲೇ ಬಿದ್ದಿದ್ದ."

ಇಷ್ಟು ವರ್ಷ ಎಷ್ಟು ಜನಕ್ಕೆ ಆ ಕಥೆ ಹೇಳಿದ್ದೇನೋ. ಇರಲಿ. ಅಪ್ಪನ ತೋರುಬೆರಳನ್ನು ಗೋಡೆಗೆ ತಾಗಿಸಿ ಮೊದಲ ಅಕ್ಷರದ ಮೇಲೆ ಎಳೆದೆ. ಆಮೇಲೆ ಅವನೇ ಕೈ ಬಿಡಿಸಿಕೊಂಡ. ಒಂದೊಂದು ಅಕ್ಷರವನ್ನೂ ತಿದ್ದುತ್ತಾ ಹೋದ.

"ಹ... ಳ... ದಿ. ಹಳದಿ. ಹಳದಿ ಬಂತು... ನಾಕಕ್ಕೆ ಶಾಖ."

ಅಷ್ಟರಲ್ಲಿ ಅವನ ಬೆರಳು ಕಪ್ಪಾಗಿತ್ತು, ಗೋಡೆಯ ಮೇಲಿನ ಅಕ್ಷರ ಅಳಿಸಿಹೋಗಿತ್ತು. ನಾನು ಇದ್ದಿಲು ತೆಗೆದುಕೊಂಡು ಮತ್ತೆ ಬರೆಯಹೋದೆ.

"ಇದ್ಲು ಬ್ಯಾಡ. ಒಳಗೆ ಮೊಳೆ ಅದೆ, ತತ್ತಾ," ಅಂದ.

ಮೊಳೆ ತಂದುಕೊಟ್ಟೆ. ಮಣ್ಣಿನ ಗೋಡೆಯಲ್ಲಿ ಅವನೇ ಆಳವಾಗಿ ಕೊರೆದ. ಮಣ್ಣು ಉದುರುತ್ತಿತ್ತು. ಅವ್ವ ಬುತ್ತಿ ಬಿಚ್ಚಿದಳು. ನಾಲ್ಕು ಗಂಟೆಗೆ ಅಪ್ಪ ಎದ್ದುಹೋಗಿ, ಕೊರೆದದ್ದರ ಮೇಲೆ ಒಂದು ಸಲ ಬೆರಳಾಡಿಸಿ, ಒಲೆಗೆ ಸೌದೆ ತುಂಬಿದ. ಬ್ಯಾರನ್ ಬೇಡ ಎಂದು ಅವನಿಗೆ ಹೇಳಬೇಕೆಂದಿದ್ದ ಮಾತನ್ನು ನಾನು ಹೇಳಲಿಲ್ಲ.