ಹಳಸಿದ ಅಂಟು

ಮಾತ್ರೆ ತಯಾರಿಸುವ ಕಾರ್ಖಾನೆಯ ಅಂಟಿನ ಕೋಣೆಯಲ್ಲಿದ್ದ ಆಕೆಯನ್ನು ಎಲ್ಲರೂ ಲೋಳಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವಳು ಕೆಲಸ ಕೊಡಿಸಿದ ನಾದಿನಿಯೇ. ಲೋಳೆ ಕಂಡರೆ ಹೊಟ್ಟೆ ತೊಳಸುವವಳಿಗೆ ದಿನವಿಡೀ ಲೋಳೆ ಕಲಕುವ ಕೆಲಸ ಸಿಕ್ಕಿದ್ದು ನಾದಿನಿಗೆ ಮುಗಿಯದ ನಗೆ.

ಅಂಟಿಗೆ ಬಳಸುತ್ತಿದ್ದದ್ದು ಗಿಡದ ನಾರಿನಿಂದ ಮಾಡಿದ ಬಿಳಿ ಪುಡಿ, ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ತಣ್ಣೀರಿಗೆ ಒಮ್ಮೆಲೇ ಸುರಿದರೆ ಗಂಟುಗಂಟು. ಬಿಸಿನೀರಲ್ಲಿ ಕರಗದೆ ಹರಡುವಂತೆ ಉದುರಿಸಿ ಕದಡಿ, ಆಮೇಲೆ ಕರಗಲು ತಣ್ಣೀರು ಬೆರೆಸಬೇಕು. ಆರುತ್ತ ಬಂದಂತೆ ತಿಳಿಯಾಗಿ, ಸಿಂಬಳದ ಹಾಗೆ ಎಳೆ ಎಳೆಯಾಗಿ ಕೋಲಿಗೆ ಜೋತುಬೀಳುತ್ತಿತ್ತು. ಔಷಧದ ಪುಡಿಯನ್ನು ಉದುರದಂತೆ ಮಾತ್ರೆಯಾಗಿ ಹಿಡಿದಿಡುವುದು ಅದೇ. ಕೆಲವು ಮಾತ್ರೆಗಳಿಗೆ ಆ ಬಿಳಿ ಪುಡಿಯನ್ನೇ ಹೆಚ್ಚು ಬೆರೆಸುತ್ತಿದ್ದರು. ಅದು ಹೊಟ್ಟೆಯಲ್ಲಿ ಉಬ್ಬಿ, ಲೋಳೆಯಾಗಿ, ಔಷಧವನ್ನು ನಿಧಾನವಾಗಿ ಬಿಡುತ್ತಿತ್ತು. ಲೋಳಕ್ಕನ ಅಮ್ಮ ಬಿಪಿಗೆ ತೆಗೆದುಕೊಳ್ಳುತ್ತಿದ್ದದ್ದು ಅಂಥದೇ ಮಾತ್ರೆ, ಅದೇ ಕಾರ್ಖಾನೆಯದು. ಅಮ್ಮ ನುಂಗದೆ ಚೀಪುತ್ತಿದ್ದಳು. ಬಾಯಿ ತೆರೆದರೆ ನಾಲಿಗೆಯ ಮೇಲೆ ಬಸವನಹುಳುವಿನಂತೆ ಜಾರುವ ಮುದ್ದೆ.

"ಚೀಪಬೇಡಮ್ಮಾ, ನುಂಗು! ನಂಗೆ ವಾಕರಿಕೆ ಬರುತ್ತೆ."

"ನೀನು ಮಾಡಿದ್ದೇ ತಾನೆ? ನಿಂಗೇ ಅಸಹ್ಯಾನಾ?" ಎಂದು ಅಮ್ಮ ಇನ್ನೊಮ್ಮೆ ಹೊರಳಿಸುತ್ತಿದ್ದಳು.

ಒಮ್ಮೆ ಯಂತ್ರ ಕೆಟ್ಟು ಕಾರ್ಖಾನೆ ಕೆಲವು ದಿನ ಮುಚ್ಚಿತ್ತು. ಮತ್ತೆ ತೆರೆದ ಬೆಳಿಗ್ಗೆ ಲೋಳಕ್ಕ ಅಂಟಿನ ಕೋಣೆಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡಳು. ಉಳಿದ ಅಂಟನ್ನು ಯಾರೋ ಡ್ರಮ್ಮಿನಲ್ಲೇ ಬಿಟ್ಟುಹೋಗಿದ್ದರು. ಹುಳಿ ನಾತ. ಮೇಲೆ ಬೂದು ಬೂಷ್ಟು, ಅದರಲ್ಲಿ ಸಿಕ್ಕಿಬಿದ್ದ ಜಿರಲೆಯೊಂದು ಇನ್ನೂ ಮೀಸೆ ಆಡಿಸುತ್ತಿತ್ತು.

ಸೂಪರ್‌ವೈಸರ್ ಬಂದು ಇಣುಕಿ ನೋಡಿದ. ಅದು ಕೆಟ್ಟಿದೆಯೆಂದು ಅವನಿಗೆ ತಿಳಿಯದೇನಲ್ಲ, ಅವನೂ ಮುಖ ಸಿಂಡರಿಸಿದ.

"ಮೇಲಿಂದು ತೆಗೆದುಹಾಕಿ, ಸೋಸಿ ಬಳಸಮ್ಮ. ಮೊದಲೇ ತಡ ಆಗಿದೆ."

"ಸಾರ್, ಇದನ್ನ ನಿಮ್ಮ ಮನೆಯವ್ರಿಗೆ ಕೊಡ್ತೀರಾ?"

"ನಮ್ಮ ಮನೇಲಿ ಈ ಕಂಪನಿ ಮಾತ್ರೆ ಯಾರೂ ತಗೊಳ್ಳಲ್ಲ," ಎಂದು ಅವನು ನಕ್ಕ. ಹಲ್ಲಿನ ಸಂದಿಯಲ್ಲಿ ತಿಂಡಿಯ ಚೂರು ಕಾಣುತ್ತಿತ್ತು.

ಡ್ರಮ್ಮಿಗಿಂತ ಆ ನಗುವೇ ಹೆಚ್ಚು ನಾರಿತು ಅವಳಿಗೆ. ಅವನು ಆಚೆ ಹೋದದ್ದೇ ತಡ, ಡ್ರಮ್ಮನ್ನು ಮೋರಿಗೆ ಬಗ್ಗಿಸಿಬಿಟ್ಟಳು. ಹಿಂದೆಯೇ ಕುದಿನೀರು ಸುರಿದಳು. ಎಡವಟ್ಟಾಗಿದ್ದು ಅಲ್ಲಿ. ಬಿಸಿ ತಾಗಿದರೆ ಆ ಅಂಟು ಕರಗುವುದಿಲ್ಲ, ಹೆಪ್ಪುಗಟ್ಟುತ್ತದೆ. ಸಿಟ್ಟಿನಲ್ಲಿ ಅದು ಅವಳ ತಲೆಗೆ ಹೊಳೆಯಲಿಲ್ಲ. ಮೋರಿ ಕಟ್ಟಿಕೊಂಡು, ನಾತದ ನೀರು ಕಾರಿಡಾರಿನುದ್ದ ಉಕ್ಕಿ ಮ್ಯಾನೇಜರ್ ಕೋಣೆಯ ಬಾಗಿಲು ದಾಟಿತು.

"ಯಾರ್ರೀ ಇದು?" ಮ್ಯಾನೇಜರ್ ಬೂಟುಗಾಲು ಎತ್ತಿ ಹಿಡಿದೇ ಕೂಗಿದರು.

"ನಾನೇ ಸಾರ್. ಇದನ್ನ ಮಾತ್ರೆಗೆ ಹಾಕು ಅಂದ್ರು ಸೂಪರ್‌ವೈಸರ್, ನಾನು ಮೋರಿಗೆ ಹಾಕ್ದೆ."

ಅಂದು ಹೊಸ ಅಂಟು ಕಲಕಿದರು. ಮೋರಿ ಕೆಡಿಸಿದ್ದಕ್ಕೆ ಲೋಳಕ್ಕನಿಗೆ ಎಲ್ಲರೆದುರು ಬೈಗುಳ. ಕೈಯಿಂದ ಅದನ್ನೆಲ್ಲ ಬಾಚಿದವಳೂ ಅವಳೇ. ಸೂಪರ್‌ವೈಸರನಿಗೆ ಬೈಗುಳದ ಒಂದು ಮಾತೂ ಇಲ್ಲ. ಅವನನ್ನು ಮಕ್ಕಳ ಸಿರಪ್ ವಿಭಾಗಕ್ಕೆ ಕಳಿಸಿದರು, ಅಷ್ಟೆ.

"ಪೀಡೆ ತೊಲಗಿತಲ್ಲ, ಬಿಡೇ," ಎಂದಳು ನಾದಿನಿ.

"ಎಲ್ಲಿ ತೊಲಗ್ತು? ಮಕ್ಕಳ ಬಾಯಿಗೆ ಹೋಯ್ತು," ಎಂದು ಲೋಳಕ್ಕ ನಲ್ಲಿಯ ಬಳಿ ಹೋಗಿ ಉಗಿದಳು.

ಡಾಕ್ಟರನ್ನು ಕೇಳಿ ಅಮ್ಮನಿಗೆ ಬೇರೆ ಕಂಪನಿಯ ಮಾತ್ರೆ ತಂದುಕೊಟ್ಟಳು. ಅಮ್ಮ ಅದನ್ನೂ ಚೀಪಿ, ಚೆನ್ನಾಗಿದೆ ಎಂದಳು. ಅಲ್ಲಿ ಅಂಟು ಕಲಕುವವರು ಯಾರೋ, ಅವರ ಮೇಲೆ ಎಂಥವನಿದ್ದಾನೋ. ಲೋಳಕ್ಕ ಮುಖ ತಿರುಗಿಸಿಕೊಂಡು ಕೂತಳು.