ಮಧ್ಯಾಹ್ನ ಒಂದು ಗಂಟೆಯ ಮುಸ್ಸಂಜೆ

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಮುಸ್ಸಂಜೆ ದೀಪ ಹಚ್ಚಿದವರು ನಮ್ಮ ಜಾನಕತ್ತೆ ಒಬ್ಬರೇ ಇರಬೇಕು. ಬೇಸಿಗೆಯಲ್ಲಿ ಅಲ್ಲಿ ಬೇಗ ಕತ್ತಲಾಗುವುದೇ ಇಲ್ಲ. ಮೊದಲ ದಿನ, ದೀಪ ಹಚ್ಚದೆ ಉಣ್ಣುವುದಿಲ್ಲವೆಂದು ಕೂತು ಕಾದು ಕಾದು, "ಈ ಊರಿನ ಸೂರ್ಯನಿಗೆ ಮನೆಮಠ ಇಲ್ವಾ ಮಾರಾಯ್ತಿ!" ಎಂದು ರೇಗಿದರು. ಅವರ ಕೈಗಡಿಯಾರ ಮಾತ್ರ ಇನ್ನೂ ಮಡಿಕೇರಿ ಪಕ್ಕದ ಅವರೂರು ಗಾಳಿಬೀಡಿನ ಹೊತ್ತನ್ನೇ ತೋರಿಸುತ್ತಿತ್ತು. ಮರುದಿನದಿಂದ ಗಾಳಿಬೀಡಿನಲ್ಲಿ ಸಂಜೆ ಆರೂವರೆಯಾದಾಗ ರೇಕ್ಯಾವಿಕ್‌ನಲ್ಲಿ ದೀಪ. ಸುತ್ತ ಝಗಝಗ ಬಿಸಿಲಿದ್ದರೂ ಅವರಿಗೆ ಲೆಕ್ಕಕ್ಕಿಲ್ಲ.

ಜಾನಕತ್ತೆ ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಮೈದುನ ಬೆಳ್ಯಪ್ಪ ಮಾಮನ ಜೊತೆ ಸೇರಿ ಗಾಳಿಬೀಡಿನ ಕಾಫಿ ತೋಟದಲ್ಲಿ ಹೋಂಸ್ಟೇ ನಡೆಸಿದ ಗಟ್ಟಿಗಿತ್ತಿ. ಗೆಸ್ಟಾಗಿ ಬಂದ ರೇಕ್ಯಾವಿಕ್‌ನ ಹೆಲ್ಗಾ ಎಂಬಾಕೆ ಅತ್ತೆಯ ಕಡುಬಿಗೂ ಬೈಗುಳಕ್ಕೂ ಮರುಳಾಗಿ ಮತ್ತೆ ಮತ್ತೆ ಬರುತ್ತಿದ್ದಳು. "ಈ ಸಲ ನೀವು ನಮ್ಮ ಮನೆಗೆ ಬಂದು ಇರಿ" ಎಂದು ಅವಳು ಕರೆದಾಗ, ಮಡಿಕೇರಿ ದಾಟಿದರೆ ತಲೆನೋವೆನ್ನುವ ಅತ್ತೆ ತಟ್ಟನೆ ಒಪ್ಪಿದರು. ಟೀಚರಾದ ನಾನು ಅವರ ಪರವಾಗಿ ಇಂಗ್ಲಿಷ್ ಮಾತಾಡಲು ಬೇಸಿಗೆ ರಜೆಯಲ್ಲಿ ಜೊತೆಗೆ ಹೊರಟೆ.

ಒಪ್ಪಿದ್ದೇಕೆಂದು ವಿಮಾನದಲ್ಲಿ ತಿಳಿಯಿತು. ಅತ್ತೆಯ ಮನೆಗೆ ಹತ್ತುವ ದಾರಿಯ ತಿರುವಿನಲ್ಲಿ ಗುಳಿಗನ ಕಲ್ಲಿದೆ, ಮನೆ ಕಾಯುವ ದೈವ. ದಿನಾ ಸಂಜೆ ಅದಕ್ಕೆ ಅತ್ತೆಯದೇ ದೀಪ. ಗೆಸ್ಟುಗಳ ಟೆಂಪೋ ಟ್ರಾವೆಲರ್ ಮನೆಯವರೆಗೆ ಹತ್ತಿ ಬರಬೇಕಾದರೆ ಕಲ್ಲು ಕೀಳಿಸಲೇಬೇಕೆಂದು ಬೆಳ್ಯಪ್ಪ ಮಾಮ ಹಟ ಹಿಡಿದಿದ್ದರು.

"ಎಲ್ಲರೂ ಅದು ಬರೀ ಕಲ್ಲು ಅಂತಾರೆ. ಹೇಳಿ ಹೇಳಿ ನಂಗೂ ಸಾಕಾಯ್ತು, ಹೂಂ ಅಂದೆ. ಆದ್ರೆ ನನ್ನ ಕಣ್ಣೆದುರು ಬೇಡ" ಎಂದು ಅತ್ತೆ ಕಿಟಕಿಯ ಕಡೆ ತಿರುಗಿದರು.

ತಿಂಗಳು ದಾಟಿದ ಆ ವಾಸದಲ್ಲಿ ಹೆಲ್ಗಾ ನಮಗೆ ಊರೆಲ್ಲ ತೋರಿಸಿದಳು. ಗುಡ್ಡದ ಮೇಲಿನ ದೊಡ್ಡ ಚರ್ಚಿನ ಕಂಬಸಾಲು ಕಂಡು, "ಸಿಲ್ವರ್ ಓಕ್ ನೆಟ್ಟ ಹಾಗೆ ಉಂಟಲ್ಲ!" ಎಂದು ಅತ್ತೆ ಬಾಗಿಲಲ್ಲೇ ಬೂಟು ಬಿಚ್ಚಿದರು. ಇಲ್ಲಿ ಬೇಕಿಲ್ಲವೆಂದು ಹೆಲ್ಗಾ ಹೇಳಿದರೆ ಕೇಳಬೇಕಲ್ಲ! ಬಂದರಿನ ಪಕ್ಕದ ಗಾಜಿನ ಸಂಗೀತ ಭವನ ಮಾತ್ರ ಹಿಡಿಸಲಿಲ್ಲ. "ಇಷ್ಟೂ ಗಾಜು ಒರೆಸುವವರು ಯಾರು, ಪಾಪ?"

ಒಂದು ದಿನ ಊರಂಚಿನ ಬೀದಿಯಲ್ಲಿ ಹೆಲ್ಗಾಳ ಕಾರು ಇದ್ದಕ್ಕಿದ್ದಂತೆ ಬಳಸಿ ಹೋಯಿತು. ರಸ್ತೆಯ ಪಕ್ಕಕ್ಕೆ ಚಾಚಿಕೊಂಡು ಒಂದು ಬಂಡೆ. ಅದು ಕಣ್ಣಿಗೆ ಕಾಣದ ಜನರ ಮನೆಯಂತೆ. ಅದನ್ನು ಕೀಳದೆ ರಸ್ತೆಯನ್ನೇ ಕಿರಿದು ಮಾಡಿದರಂತೆ. ಕಾರು ನಿಲ್ಲಿಸಿ ಹೆಲ್ಗಾ ಹೇಳಿದ ಈ ಕಥೆಯನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಇವಳು ನಂಬ್ತಾಳಾ? ಕೇಳು" ಎಂದರು ಅತ್ತೆ.

ಹೆಲ್ಗಾ ಭುಜ ಕುಣಿಸಿದಳು. "ಗೊತ್ತಿಲ್ಲ. ಆದರೆ ಒಬ್ಬರ ಮನೆ ಯಾಕೆ ಒಡೆಯಬೇಕು?"

ಅತ್ತೆ ಇಳಿದು, ಬೂಟು ಬಿಚ್ಚಿ, ಹುಲ್ಲಿನಲ್ಲಿದ್ದ ಹಳದಿ ಹೂವೊಂದನ್ನು ಬಂಡೆಗಿಟ್ಟು ಕೈಮುಗಿದರು. ಕಣ್ಣು ತುಂಬಿತ್ತು. ಅಲ್ಲೇ ನಿಂತು ನನ್ನ ಫೋನಿನಿಂದ ಮನೆಗೆ ಕರೆ ಮಾಡಿದರು.

"ಬೆಳ್ಯಪ್ಪಾ, ಜೆಸಿಬಿ ಬಂತಾ?"

"ನಾಳೆ ಬೆಳಿಗ್ಗೆ ಬರ್ತದೆ ಅತ್ತಿಗೆ."

"ಬರೋದು ಬೇಡ ಅಂತ ಹೇಳು."

"ಎಂತ ಅತ್ತಿಗೆ ನೀವು! ಟೆಂಪೋ ತಿರುಗುದಿಲ್ಲ ಅಲ್ಲಿ."

"ತಿರುಗದಿದ್ರೆ ಗೆಸ್ಟುಗಳು ನಡೆದು ಬರ್ಲಿ. ಇಲ್ಲಿ ರಾಜಧಾನಿಯವರೇ ಬಳಸಿಕೊಂಡು ಹೋಗ್ತಾರೆ, ನಮ್ಮ ಟೆಂಪೋಗೆ ಎಂತ ದೊಡ್ಡಸ್ತಿಕೆ? ಕಲ್ಲು ಮುಟ್ಟಿದ್ರೆ ನಾನು ಮನೆಗೆ ಬರುದಿಲ್ಲ."

ಒಮ್ಮೆ ಹೂಂ ಅಂದ ಮಾತನ್ನು ಹೀಗೆ ಎಲ್ಲರೆದುರು ವಾಪಸ್ ಪಡೆಯುವ ಧೈರ್ಯ ನನಗಂತೂ ಇಲ್ಲ. ಅವತ್ತಿನಷ್ಟು ಅತ್ತೆಯ ಮೇಲೆ ನನಗೆ ಎಂದೂ ಹೆಮ್ಮೆಯಾಗಿರಲಿಲ್ಲ.

ಕಲ್ಲು ಉಳಿಯಿತು. ಟೆಂಪೋಗಳು ಕೆಳಗೇ ನಿಂತವು. ಗೊಣಗುತ್ತಾ ಗೆಸ್ಟುಗಳ ಬ್ಯಾಗು ಹೊತ್ತವರು ಬೆಳ್ಯಪ್ಪ ಮಾಮ.

ಹೋದ ಮಳೆಗಾಲದಲ್ಲಿ ಜಾನಕತ್ತೆ ಹೋಗಿಬಿಟ್ಟರು. ತಿಥಿ ಮುಗಿದ ಸಂಜೆ ನೋಡುತ್ತೇನೆ, ಬೆಳ್ಯಪ್ಪ ಮಾಮ ಕೊಡೆ ಹಿಡಿದು ತಿರುವಿನ ಕಡೆ ಇಳಿಯುತ್ತಿದ್ದಾರೆ. ಹಿಂದೆಯೇ ಹೋದೆ. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಳಿಗೆ ಅಂಗೈ ಅಡ್ಡ ಹಿಡಿದು ದೀಪ ಹಚ್ಚುತ್ತಿದ್ದರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹೆಲ್ಗಾ.

"ಇಲ್ಲಿ ಮಧ್ಯಾಹ್ನ ಒಂದು ಗಂಟೆ" ಎಂದಳು. "ದೀಪ ಹಚ್ಚಿದ್ದೇನೆ."

ಯಾರು, ಏನು ಎಂದು ಮಾಮ ಕೇಳಿದರು. ಹೇಳಿದೆ. ಅವರು ಬತ್ತಿಯನ್ನು ಬೆರಳಿನಿಂದ ತುಸು ಮುಂದೆ ದೂಡಿದರು.

"ಇಲ್ಲೂ ಹಚ್ಚಿ ಆಯ್ತು ಅಂತ ಹೇಳು" ಎಂದರು.