ಕಾಯಿಸದ ವೈನೋ
ಅಮೆರಿಕದ ದೊಡ್ಡ ಸರೋವರವೊಂದರ ದಂಡೆಯ ನಮ್ಮ ಡುಲೂತಿನಲ್ಲಿ ಹಿಮ ಬೀಳುವುದು ತಪ್ಪಿದರೂ ಪಕ್ಕದ ಮನೆಯ ವೈನೋನ ಹೊಸ ಆವೃತ್ತಿ ತಪ್ಪುವುದಿಲ್ಲ. ಒಂದು ಕಂಪ್ಯೂಟರಿನ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸುವ ತಂತ್ರಾಂಶ ಅವನದು. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು, ಬೈಯಬಹುದು. ಬೈಯುವವರೇ ಹೆಚ್ಚು. ಆದರೂ ಪ್ರತಿ ಸಲ ಬೇಲಿಯ ಮೇಲೆ ಬಾಗಿ, ಮೊಮ್ಮಗು ಹುಟ್ಟಿದವನಂತೆ ಸಾರುತ್ತಾನೆ: “ಈ ಸಲ ಇನ್ನೂ ಜೋರಾಗಿ ಓಡುತ್ತೆ ಕಣಯ್ಯಾ! ಕಳಿಸಿದೋರು ಉತ್ತರಕ್ಕೆ ಕಾಯೋದೇ ಬೇಡ. ಎಸೆದು ನಡೀತಾ ಇರೋದು. ಕಾಯೋದು ದಂಡ!” ಕಣ್ಣು ಮಿಟುಕಿಸುವ ಹೊತ್ತಿನ ನೂರನೇ ಪಾಲು ಉಳಿಸಲು ಚಳಿಗಾಲವಿಡೀ ಕೂರುತ್ತಾನೆ, ಅವನ ಬಾಗಿಲ ಹಿಮವನ್ನು ನಾವೇ ಬಾಚಬೇಕು. ಹೆಂಡತಿ ಲೋರೀನ್ ಊಟಕ್ಕೆ ಕರೆದರೆ ಪರದೆಯಿಂದ ಕಣ್ಣು ಕೀಳದೆ “ತಲುಪಿತು!” ಎನ್ನುತ್ತಾನೆ. ಸೂಪು ಆರಿ ಕೆನೆಗಟ್ಟುತ್ತದೆ. “ಕಿವಿಗೆ ತಲುಪಿದೆ, ಕಾಲಿಗಿನ್ನೂ ತಲುಪಿಲ್ಲ ನೋಡು,” ಎಂದು ಅವಳು ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಹಂಗಿಸುತ್ತಾಳೆ. ನವೆಂಬರಿನಲ್ಲಿ ಬಿರುಗಾಳಿಗೆ ಸರೋವರ ಕೆರಳಿದಾಗ ಮಾತ್ರ ಅವನು ಬೇರೆಯೇ ವೈನೋ. ಮಗಳು ಕೈಸಾ ಅದೇ ಸರೋವರದಲ್ಲಿ ಅದಿರು ಸಾಗಿಸುವ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಾಳೆ. ನಡುನೀರಿನಲ್ಲಿ ಫೋನು ಸಿಗುವುದಿಲ್ಲ. “ಹೇಗಿದ್ದೀಯೇ ಮಗಳೇ?” ಎಂದು ಸಂದೇಶ ಎಸೆದವನು ಅಂದು ನಡೆಯುವುದಿಲ್ಲ. ಫೋನನ್ನು ಅಂಗೈಯಲ್ಲಿ ಹಿಡಿದು ನೀರಿನ ಕಡೆಯ ಕಿಟಕಿಯಲ್ಲಿ ನಿಂತುಬಿಡುತ್ತಾನೆ. ಅಂದು ಲೋರೀನ್ ಊಟಕ್ಕೆ ಕರೆಯುವುದಿಲ್ಲ. ಒಲೆ ಆರಿಸಿ ಬಂದು, ಅವನ ಪಕ್ಕದಲ್ಲಿ ತಾನೂ ಕಾಯುತ್ತಾಳೆ.